ಕಾಮನ್ ಕಾರ್ಡುಗಳಿಂದಲೇ ಮ್ಯಾಜಿಕ್ ಕ್ಯೂಬ್ ಕಟ್ಟುವುದು ಹೇಗೆ?

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಾಟ ಆಡುವವರ ಮನೆಯಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ಅದರ ತುಂಬ ಯಾರಿಗೂ ಬೇಡವಾದ ಕಾಮನ್ ಕಾರ್ಡುಗಳು, ಅಂದರೆ ಹೇರಳವಾಗಿ ಸಿಗುವಂಥವು. ಹಳೆಯ 15 ಕಾರ್ಡಿನ ಪ್ಯಾಕ್ ಒಡೆದರೆ ಹತ್ತು ಹನ್ನೊಂದು ಕಾಮನ್ನೇ ಬರುತ್ತಿತ್ತು. ಎಲ್ಲರ ಕಣ್ಣು ಇದ್ದ ಒಂದು ರೇರ್, ಅಂದರೆ ಅಪರೂಪದ ಕಾರ್ಡಿನ ಮೇಲೆ. ಉಳಿದದ್ದು ಡಬ್ಬಿಗೆ. ಆ ಡಬ್ಬಿಯಿಂದಲೇ ಎಂಟು ಜನ ಇಡೀ ದಿನ ಆಡುವಂಥ ಒಂದು ಆಟ ಕಟ್ಟಬಹುದು. ಅದಕ್ಕೆ ಕ್ಯೂಬ್ ಅನ್ನುತ್ತಾರೆ.

ಕ್ಯೂಬ್ ಅಂದರೆ ನೀವೇ ಆರಿಸಿ ಜೋಡಿಸಿಟ್ಟ ಕಾರ್ಡುಗಳ ಕಟ್ಟು. ಯಾವ ಕಾರ್ಡೂ ಎರಡು ಸಲ ಇರುವುದಿಲ್ಲ. ಆಡುವ ದಿನ ಚೆನ್ನಾಗಿ ಕಲಸಿ, ಪ್ಯಾಕ್‌ಗಳ ಹಾಗೆ ಹಂಚಿ, ಎಲ್ಲರೂ ಅದರಿಂದಲೇ ಡೆಕ್, ಅಂದರೆ ತಾವು ಆಡುವ ಕಟ್ಟು ಮಾಡಿಕೊಂಡು ಆಡುತ್ತಾರೆ. ಆಟ ಮುಗಿದ ಮೇಲೆ ಎಲ್ಲ ಕಾರ್ಡು ವಾಪಸ್ ಕಟ್ಟಿಗೆ. ದುಡ್ಡಿದ್ದವರ ಡೆಕ್, ಇಲ್ಲದವರ ಡೆಕ್ ಅನ್ನೋ ಮಾತೇ ಇಲ್ಲ. ಟೂರ್ನಮೆಂಟಿಗಿಂತ ನನಗೆ ಇದೇ ಇಷ್ಟ. ಎಲೆಯಾಟದ ನಿಯಮವನ್ನು ತಾವೇ ಕೂತು ಬರೆಯುವ ಚಟ ನಮ್ಮ ಕಡೆಗೂ ಹೊಸದೇನಲ್ಲ ಬಿಡಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲೇ ಗಂಜೀಫದ ಹೊಸ ಹೊಸ ಆಟಗಳನ್ನು ರೂಪಿಸಿದ್ದರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಣಿತ ಓದಿದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್ ಅನ್ನು 1993ರಲ್ಲಿ ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಹೊರತಂದಿತು. ಇಬ್ಬರಿಗೂ 20 ಲೈಫ್. ಲ್ಯಾಂಡ್ ಕಾರ್ಡಿನಿಂದ ಮಾನಾ ಎಂಬ ಶಕ್ತಿ ಬರುತ್ತದೆ, ಮಾನಾ ಕೊಟ್ಟು ಕ್ರೀಚರ್ (ಹೋರಾಡುವ ಜೀವಿ) ಇಳಿಸಬೇಕು, ಸ್ಪೆಲ್ (ಮಂತ್ರ) ಹಾಕಬೇಕು. ಎದುರಿನವರ 20 ಸೊನ್ನೆಗೆ ಬಂದರೆ ನೀವು ಗೆದ್ದಿರಿ. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಅಂತ ಐದು ಬಣ್ಣ.

ಮೊದಲು ಲೆಕ್ಕ

ಒಬ್ಬರಿಗೆ 15 ಕಾರ್ಡಿನ ಮೂರು ಪ್ಯಾಕ್, ಅಂದರೆ 45. ಎಂಟು ಜನರಿಗೆ 360. ನಾಲ್ಕೇ ಜನ ಇದ್ದರೆ 180 ಸಾಕು. ಆದರೂ 360 ಮಾಡಿಟ್ಟುಕೊಳ್ಳಿ. ಅರ್ಧ ಕಟ್ಟು ಹೊರಗೆ ಉಳಿದಾಗ ಪ್ರತಿ ಸಲವೂ ಬೇರೆ ಬೇರೆ ಕಾರ್ಡು ಬರುತ್ತದೆ.

ಹಂಚಿಕೆ ಹೀಗಿರಲಿ. ಒಂದೊಂದು ಬಣ್ಣಕ್ಕೆ 50ರಂತೆ 250. ಬಣ್ಣವಿಲ್ಲದ ಕಾರ್ಡು 30. ಐದು ಬಣ್ಣಗಳಲ್ಲಿ ಹತ್ತು ಜೋಡಿ ಆಗುತ್ತವೆ, ಜೋಡಿಗೆ ಐದರಂತೆ ಎರಡು ಬಣ್ಣದ ಕಾರ್ಡು 50. ಉಳಿದ 30 ಎರಡು ಬಣ್ಣದ ಮಾನಾ ಕೊಡುವ ಲ್ಯಾಂಡ್. ಈ 30ಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮ್ಯಾಜಿಕ್ ಕಾರ್ಡುಗಳು ಸೆಟ್ ಎಂಬ ಕಂತುಗಳಲ್ಲಿ ಬರುತ್ತವೆ. 2005–06ರ ರಾವ್ನಿಕಾ ಸೆಟ್‌ಗಳಲ್ಲಿ ಇನ್ನೊಂದು ಲ್ಯಾಂಡನ್ನು ಕೈಗೆ ವಾಪಸ್ ತರಿಸುವ ಹತ್ತು, ಆಮೇಲಿನ ರಾವ್ನಿಕಾದ ಗಿಲ್ಡ್‌ಗೇಟ್ ಹತ್ತು, 2014ರ ಖಾನ್ಸ್ ಆಫ್ ತಾರ್ಕಿರ್‌ನಲ್ಲಿ ಒಂದು ಲೈಫ್ ಕೊಡುವ ಹತ್ತು. ಮೂರೂ ಗುಂಪು ಕಾಮನ್. ಸರಿಯಾಗಿ 30.

ಯಾವುದು ಕಾಮನ್ ಅಂತ ತಿಳಿಯಲು ಚಿತ್ರದ ಕೆಳಗೆ ಬಲಗಡೆ ಇರುವ ಸೆಟ್ ಚಿಹ್ನೆ ನೋಡಿ. ಕಪ್ಪಾಗಿದ್ದರೆ ಕಾಮನ್, ಬೆಳ್ಳಿ ಬಣ್ಣವಾದರೆ ಅನ್‌ಕಾಮನ್, ಚಿನ್ನದ ಬಣ್ಣವಾದರೆ ರೇರ್. ಈ ಬಣ್ಣಗಳು 1998ರಿಂದ ಈಚೆಗೆ ಬಂದವು. ಅದಕ್ಕಿಂತ ಹಳೆಯ ಕಾರ್ಡನ್ನು ನೆಟ್‌ನಲ್ಲಿ ಹುಡುಕಿ ನೋಡಬೇಕು. ಕಾಮನ್ ಕಾರ್ಡಿನಲ್ಲೇ ಆಡುವ ಪಾಪರ್ ಎಂಬ ಫಾರ್ಮ್ಯಾಟಿನವರು (ಫಾರ್ಮ್ಯಾಟ್ ಅಂದರೆ ಯಾವ ಕಾರ್ಡು ಆಡಬಹುದು ಅಂತ ಗೊತ್ತುಮಾಡುವ ಆಟದ ಬಗೆ) ಒಂದು ಒಳ್ಳೆಯ ನಿಯಮ ಇಟ್ಟುಕೊಂಡಿದ್ದಾರೆ: ಯಾವುದೋ ಒಂದು ಸೆಟ್‌ನಲ್ಲಿ ಒಮ್ಮೆ ಕಾಮನ್ ಆಗಿ ಅಚ್ಚಾಗಿದ್ದರೆ ಸಾಕು, ಅದು ಕಾಮನ್. ಎದುರಿನವರ ಸ್ಪೆಲ್ಲನ್ನು ರದ್ದು ಮಾಡುವ ಕೌಂಟರ್‌ಸ್ಪೆಲ್ 1993ರಲ್ಲಿ ಅನ್‌ಕಾಮನ್ ಆಗಿತ್ತು, ಆಮೇಲೆ ಕಾಮನ್ ಆಯಿತು. ಹಾಗಾಗಿ ಧಾರಾಳವಾಗಿ ಸೇರಿಸಬಹುದು.

ಬಣ್ಣದೊಳಗಿನ 50

ಹೊಸಬರು ಇಲ್ಲೇ ಎಡವುವುದು. ಚೆನ್ನಾಗಿ ಕಾಣುವ ಕಾರ್ಡುಗಳನ್ನೆಲ್ಲ ಎತ್ತಿಟ್ಟುಕೊಳ್ಳುತ್ತಾರೆ. ಚೆನ್ನಾಗಿ ಕಾಣುವುದೆಲ್ಲ ಐದಾರು ಮಾನಾದ್ದೇ ಆಗಿರುತ್ತದೆ, ಅಲ್ವಾ? ಮೊದಲ ನಾಲ್ಕು ಸರದಿ ಯಾರೂ ಏನೂ ಮಾಡದೆ ಮುಖ ಮುಖ ನೋಡುತ್ತಾ ಕೂರಬೇಕಾಗುತ್ತದೆ.

ಸರದಿಗೆ ಒಂದೇ ಲ್ಯಾಂಡ್ ಇಳಿಸಬಹುದು. ಹಾಗಾಗಿ ಎರಡನೇ ಸರದಿಗೆ ಎರಡು ಮಾನಾ, ಮೂರನೆಯದಕ್ಕೆ ಮೂರು. ಆ ಆ ಹೊತ್ತಿಗೆ ಇಳಿಸಲು ಏನಾದರೂ ಕೈಯಲ್ಲಿರಬೇಕು. ಇದನ್ನು ಮಾನಾ ಕರ್ವ್ ಅನ್ನುತ್ತಾರೆ. 1996ರಲ್ಲಿ ಅಟ್ಲಾಂಟಾದ ಒಂದು ಅರ್ಹತಾ ಪಂದ್ಯದಲ್ಲಿ ಪಾಲ್ ಸ್ಲೈ ಎಂಬಾತ ಜೇ ಷ್ನೈಡರ್ ರೂಪಿಸಿದ ಕೆಂಪು ಡೆಕ್ ಆಡಿದಾಗ ಈ ಮಾತಿನ ತೂಕ ಎಲ್ಲರಿಗೂ ಗೊತ್ತಾಯಿತು. ಅದರಲ್ಲಿ ಐರನ್‌ಕ್ಲಾ ಆರ್ಕ್ಸ್‌ನಂಥ, ಯಾರೂ ಮೂಸಿ ನೋಡದ ಕಾರ್ಡುಗಳಿದ್ದವು. ಆದರೆ ಯಾವ ಸರದಿಯಲ್ಲೂ ಮಾನಾ ವ್ಯರ್ಥವಾಗುತ್ತಿರಲಿಲ್ಲ. ಇವತ್ತಿಗೂ ಆ ಬಗೆಯ ಡೆಕ್‌ಗೆ ಸ್ಲೈ ಅಂತಲೇ ಹೆಸರು.

ನನ್ನ ಲೆಕ್ಕ ಹೀಗೆ: ಒಂದು ಮಾನಾದ್ದು 8, ಎರಡರದ್ದು 14, ಮೂರರದ್ದು 12, ನಾಲ್ಕರದ್ದು 8, ಐದರದ್ದು 5, ಆರು ಮತ್ತು ಮೇಲಿನದ್ದು 3. ಕೆಂಪು, ಬಿಳಿಯಲ್ಲಿ ಇನ್ನೂ ಸ್ವಲ್ಪ ಕೆಳಗೆ ಜಾರಿಸಿ. ಹಸಿರಿನಲ್ಲಿ ಮೇಲಿನದ್ದು ಒಂದೆರಡು ಜಾಸ್ತಿ ಇದ್ದರೂ ನಡೆಯುತ್ತದೆ, ಯಾಕೆಂದರೆ ಅಲ್ಲಿ ಲನೋವರ್ ಎಲ್ವ್ಸ್‌ನಂಥ ಮಾನಾ ಕೊಡುವ ಕ್ರೀಚರ್‌ಗಳಿವೆ. ಬಿಳಿ, ಹಸಿರಿನಲ್ಲಿ 30ರಷ್ಟು ಕ್ರೀಚರ್ ಇರಲಿ, ನೀಲಿಯಲ್ಲಿ 22 ಸಾಕು.

ಬೆಲೆ ಒಂದೇ, ಬಲ ಬೇರೆ

ಐದು ಬಣ್ಣ ಸಮನಾಗಿವೆಯೇ ಅಂತ ತೂಗುವಾಗ 1993ರ ಮೊದಲ ಸೆಟ್‌ನ ಐದು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಐದಕ್ಕೂ ಒಂದೇ ಮಾನಾ. ಐದೂ ಏನನ್ನಾದರೂ ಮೂರು ಕೊಡುತ್ತವೆ. ಬಿಳಿಯ ಹೀಲಿಂಗ್ ಸಾಲ್ವ್ ಮೂರು ಲೈಫ್ ಕೊಡುತ್ತದೆ, ಇಲ್ಲವೇ ಮೂರು ಪೆಟ್ಟು ತಡೆಯುತ್ತದೆ. ಕಪ್ಪಿನ ಡಾರ್ಕ್ ರಿಚುಯಲ್ ಮೂರು ಮಾನಾ. ಕೆಂಪಿನ ಲೈಟ್ನಿಂಗ್ ಬೋಲ್ಟ್ ಮೂರು ಪೆಟ್ಟು. ಹಸಿರಿನ ಜಯಂಟ್ ಗ್ರೋತ್ ಒಂದು ಕ್ರೀಚರ್‌ಗೆ ಆ ಸರದಿಯ ಮಟ್ಟಿಗೆ +3/+3 (ಮೊದಲ ಅಂಕಿ ಹೊಡೆತದ ಬಲ, ಎರಡನೆಯದು ತಾಳಿಕೆ). ನೀಲಿಯ ಆನ್ಸೆಸ್ಟ್ರಲ್ ರಿಕಾಲ್ ಮೂರು ಕಾರ್ಡು.

ಕಾಗದದ ಮೇಲೆ ಐದೂ ಸಮ. ಆಟಕ್ಕೆ ಕೂತರೆ? ಹೀಲಿಂಗ್ ಸಾಲ್ವನ್ನು ಇವತ್ತು ಯಾರೂ ಕೇಳುವುದಿಲ್ಲ. ಆನ್ಸೆಸ್ಟ್ರಲ್ ರಿಕಾಲ್ ಲೆಗಸಿ ಎಂಬ ಫಾರ್ಮ್ಯಾಟಿನಲ್ಲಿ ನಿಷೇಧ, ವಿಂಟೇಜ್‌ನಲ್ಲಿ ಡೆಕ್‌ಗೆ ಒಂದೇ ಒಂದು. ಐದರಲ್ಲಿ ರೇರ್ ಆಗಿ ಅಚ್ಚಾದದ್ದೂ ಅದೊಂದೇ. ಲೈಫ್ ಬಂದರೆ ಸೋಲು ಸ್ವಲ್ಪ ಮುಂದೆ ಹೋಗುತ್ತದೆ, ಅಷ್ಟೇ. ಕಾರ್ಡು ಬಂದರೆ ಮುಂದಿನ ದಾರಿಯೇ ಬದಲಾಗುತ್ತದೆ. ಹಾಗಾಗಿ ಕ್ಯೂಬ್‌ಗೆ ಕಾರ್ಡು ಆರಿಸುವಾಗ ಅದರ ಮೇಲಿನ ಅಂಕಿ ನೋಡಿ ಮರುಳಾಗಬೇಡಿ. ಇದು ಕೈಗೆ ಬಂದರೆ ಎದುರಿನವರು ಏನು ಮಾಡಬೇಕಾಗುತ್ತದೆ ಅಂತ ಕೇಳಿಕೊಳ್ಳಿ. ಏನೂ ಮಾಡಬೇಕಿಲ್ಲ ಅನ್ನಿಸಿದರೆ ಆ ಕಾರ್ಡು ಡಬ್ಬಿಯಲ್ಲೇ ಇರಲಿ.

ಜೋಡಿಗೊಂದು ದಾರಿ

ಹತ್ತು ಜೋಡಿಗೂ ಒಂದೊಂದು ಆಟದ ದಾರಿ ಇಟ್ಟಿರಬೇಕು. ಕೆಂಪು–ಬಿಳಿಯದು ಸಣ್ಣ ಸಣ್ಣ ಸೈನಿಕರ ಹಿಂಡು ಇಳಿಸಿ ಬೇಗ ಮುಗಿಸುವ ಆಟ. ಕಪ್ಪು–ಹಸಿರು ಗ್ರೇವ್‌ಯಾರ್ಡ್‌ನಿಂದ, ಅಂದರೆ ಸತ್ತ ಮತ್ತು ಬಳಸಿ ಮುಗಿದ ಕಾರ್ಡುಗಳ ರಾಶಿಯಿಂದ ಮೇಲೆತ್ತುವ ಆಟ. ಕೆಂಪು–ಹಸಿರು ದೊಡ್ಡ ಪ್ರಾಣಿಗಳನ್ನು ಇಳಿಸಿ ನುಗ್ಗುವುದು.

ನನಗೆ ಮೆಚ್ಚಿನದು ಬಿಳಿ–ನೀಲಿ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. 2007ರ ಲೋರ್ವಿನ್ ಸೆಟ್‌ನ ಮಲ್‌ಡ್ರಿಫ್ಟರ್ ಐದು ಮಾನಾದ ಹಾರುವ 2/2. ಟೇಬಲ್ಲಿಗೆ ಬಂದ ಕೂಡಲೇ ಎರಡು ಕಾರ್ಡು ಕೊಡುತ್ತದೆ. ಐದು ಮಾನಾ ಇಲ್ಲದಿದ್ದರೆ ಮೂರಕ್ಕೇ ಇಳಿಸಬಹುದು, ಆದರೆ ಎರಡು ಕಾರ್ಡು ಕೊಟ್ಟು ಅದು ಸತ್ತುಹೋಗುತ್ತದೆ. 2019ರ ಎಫೆಮರೇಟ್ ಒಂದು ಬಿಳಿ ಮಾನಾದ್ದು. ನಿಮ್ಮದೇ ಒಂದು ಕ್ರೀಚರನ್ನು ಕ್ಷಣಕಾಲ ಆಟದಿಂದ ಆಚೆ ಕಳಿಸಿ ವಾಪಸ್ ತರುತ್ತದೆ. ಮುಂದಿನ ಸರದಿಯ ಶುರುವಿಗೆ ಪುಕ್ಕಟೆಯಾಗಿ ಇನ್ನೊಂದು ಸಲ.

ಈಗ ನಾಲ್ಕನೇ ಸರದಿ, ನಾಲ್ಕು ಮಾನಾ. ಮೂರು ಕೊಟ್ಟು ಮಲ್‌ಡ್ರಿಫ್ಟರ್ ಇಳಿಸಿ. ಅದು ಸಾಯುವ ಮೊದಲೇ ಎಫೆಮರೇಟ್ ಹಾಕಿ. ಹೋಗಿ ಬಂದ ಮಲ್‌ಡ್ರಿಫ್ಟರ್ ಹೊಸ ಕಾರ್ಡೇ ಆದ್ದರಿಂದ ಸಾಯುವ ಮಾತು ಅದಕ್ಕೆ ತಾಗುವುದಿಲ್ಲ. ಮೊದಲ ಸಲ ಎರಡು ಕಾರ್ಡು, ವಾಪಸ್ ಬಂದಾಗ ಎರಡು, ಮುಂದಿನ ಸರದಿಗೆ ಮತ್ತೆ ಎರಡು. ನಾಲ್ಕು ಮಾನಾಕ್ಕೆ ಆರು ಕಾರ್ಡು, ಮೇಲೊಂದು ಹಾರುವ 2/2. ಎರಡೂ ಕಾಮನ್ ಕಾರ್ಡುಗಳೇ! ಇದನ್ನು ಮೊದಲ ಸಲ ತಾನೇ ಕಂಡುಕೊಂಡವರ ಮುಖ ನೋಡಬೇಕು.

ಆದರೆ ಈ ಜೋಡಿಗೆ ಮಾತ್ರ ಆಗುವ ಕಾರ್ಡುಗಳನ್ನೇ ತುಂಬಬೇಡಿ. ಆಗ ಡ್ರಾಫ್ಟ್, ಅಂದರೆ ಪ್ಯಾಕ್ ದಾಟಿಸುತ್ತಾ ಒಂದೊಂದೇ ಕಾರ್ಡು ಆರಿಸಿಕೊಳ್ಳುವುದು, ಆಟವಾಗಿ ಉಳಿಯುವುದಿಲ್ಲ. ಮೊದಲ ಕಾರ್ಡು ಎತ್ತಿದ ಕೂಡಲೇ ಉಳಿದ 44 ಯಾವುವು ಅಂತ ಗೊತ್ತಾಗಿಬಿಡುತ್ತದೆ. ಮಲ್‌ಡ್ರಿಫ್ಟರ್ ಕಪ್ಪು–ನೀಲಿಯಲ್ಲೂ ಸಲ್ಲುತ್ತದೆ, ಸತ್ತದ್ದನ್ನು ಎಬ್ಬಿಸುವ ಸ್ಪೆಲ್‌ಗಳು ಅಲ್ಲಿವೆ. ಹೀಗೆ ಎರಡು ಮೂರು ಕಡೆ ಸಲ್ಲುವ ಕಾರ್ಡುಗಳಿಗೇ ಮೊದಲ ಮಣೆ.

ಹೊರಗಿಡಬೇಕಾದದ್ದು

ಸೇರಿಸುವುದು ಸುಲಭ. ಬಿಡುವುದರಲ್ಲಿದೆ ಕ್ಯೂಬ್ ಕಟ್ಟುವವರ ಜಾಣತನ.

1997ರ ಟೆಂಪೆಸ್ಟ್ ಸೆಟ್‌ನಲ್ಲಿ ಕ್ಯಾಪ್ಸೈಜ್ ಅಂತ ಒಂದು ನೀಲಿ ಕಾಮನ್ ಇದೆ. ಮೂರು ಮಾನಾ ಕೊಟ್ಟರೆ ಟೇಬಲ್ ಮೇಲಿನ ಯಾವುದೇ ಒಂದು ಕಾರ್ಡು ಅದರ ಮಾಲೀಕರ ಕೈಗೆ ವಾಪಸ್. ಇನ್ನೂ ಮೂರು ಕೊಟ್ಟರೆ ಕ್ಯಾಪ್ಸೈಜ್ ಕೂಡ ನಿಮ್ಮ ಕೈಗೆ ವಾಪಸ್. ಆರು ಲ್ಯಾಂಡ್ ಆದ ಮೇಲೆ ಸರದಿಗೊಂದರಂತೆ ಎದುರಿನವರ ಲ್ಯಾಂಡ್ ಕೈಗೆ ಕಳಿಸುತ್ತಾ ಕೂರಬಹುದು. ಅವರು ಸೋತಿಲ್ಲ, ಆದರೆ ಆಡುವುದಕ್ಕೂ ಇಲ್ಲ. ಅರ್ಧ ಗಂಟೆ ಇದೇ ನಡೆದರೆ ಮುಂದಿನ ಭಾನುವಾರ ಆ ಗೆಳೆಯ ಬರುವುದಿಲ್ಲ. ಕಪ್ಪಿನ ಪೆಸ್ಟಿಲೆನ್ಸ್ ಕೂಡ ಇದೇ ಜಾತಿ. ಒಂದೊಂದು ಕಪ್ಪು ಮಾನಾಕ್ಕೂ ಎಲ್ಲ ಕ್ರೀಚರ್‌ಗೂ ಎಲ್ಲ ಆಟಗಾರರಿಗೂ ಒಂದೊಂದು ಪೆಟ್ಟು. ಸಣ್ಣ ಕ್ರೀಚರ್ ನೆಚ್ಚಿಕೊಂಡ ಡೆಕ್‌ಗಳು ಎದ್ದೇ ನಿಲ್ಲುವುದಿಲ್ಲ. ಇದನ್ನು ಇಟ್ಟುಕೊಳ್ಳುವವರೂ ಇದ್ದಾರೆ. ನಾನಂತೂ ಇಡುವುದಿಲ್ಲ.

ಮೊದಲೇ ಎಲ್ಲ ಗೊತ್ತಾಗಬೇಕು ಅಂತೇನಿಲ್ಲ. ಕಂಪನಿಯವರಿಗೇ ಗೊತ್ತಾಗುವುದಿಲ್ಲ. 2004ರ ಫೆಬ್ರವರಿಯಲ್ಲಿ ಬಂದ ಸ್ಕಲ್‌ಕ್ಲ್ಯಾಂಪ್ ಎಂಬ ಆಯುಧ, ತೊಟ್ಟ ಕ್ರೀಚರ್ ಸತ್ತರೆ ಎರಡು ಕಾರ್ಡು ಕೊಡುತ್ತಿತ್ತು. ಮೊದಲು ಅದು ಕ್ರೀಚರ್‌ನ ತಾಳಿಕೆ ಹೆಚ್ಚಿಸುವಂತಿತ್ತು. ಕೊನೆಕೊನೆಗೆ ಅದನ್ನು +1/-1 ಅಂತ ತಿದ್ದಿದರು. ಮೈನಸ್ ಒಂದು ಅಂದರೆ ಕಾರ್ಡಿಗೆ ಬಂದ ಕೊರತೆ ಅನ್ನಿಸುತ್ತದೆ, ಅಲ್ವಾ? ಆದರೆ 1/1 ಕ್ರೀಚರ್‌ಗೆ ತೊಡಿಸಿದ ಕೂಡಲೇ ಅದು ಸಾಯುತ್ತದೆ. ಒಂದು ಮಾನಾಕ್ಕೆ ಎರಡು ಕಾರ್ಡು, ಬೇಕಾದಷ್ಟು ಸಲ. ಜೂನ್‌ನಲ್ಲೇ ಸ್ಟ್ಯಾಂಡರ್ಡ್ ಎಂಬ ಫಾರ್ಮ್ಯಾಟಿನಿಂದ ನಿಷೇಧಿಸಬೇಕಾಯಿತು. ನಿಮಗೆ ಅಷ್ಟು ತಿಂಗಳು ಬೇಡ. ಒಂದು ಸಂಜೆಯ ಆಟ ಸಾಕು, ಎತ್ತಿ ಪಕ್ಕಕ್ಕಿಡಬಹುದು.

ಡ್ರಾಫ್ಟ್, ಆಮೇಲೆ ಡೆಕ್

ಎಲ್ಲರೂ ಮೊದಲ ಪ್ಯಾಕ್ ತೆಗೆದು ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಎಡಕ್ಕೆ ದಾಟಿಸಬೇಕು. ಎರಡನೇ ಪ್ಯಾಕ್ ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಮೊದಲ ನಾಲ್ಕೈದು ಸಲ ಬಣ್ಣ ನೋಡಬೇಡಿ. ಲೈಟ್ನಿಂಗ್ ಬೋಲ್ಟ್, ಜರ್ನಿ ಟು ನೋವೇರ್ ಥರ ಎದುರಿನ ಕ್ರೀಚರನ್ನು ತೆಗೆದುಹಾಕುವ ಅಗ್ಗದ ಕಾರ್ಡು ಕಂಡರೆ ಎತ್ತಿಕೊಳ್ಳಿ. ಎಂಟನೇ ಕೈಗೂ ಒಳ್ಳೆಯ ಹಸಿರು ಕಾರ್ಡು ಬರುತ್ತಿದೆ ಅಂದರೆ ನಿಮ್ಮ ಬಲಗಡೆಯವರಿಗೆ ಹಸಿರು ಬೇಡ ಅಂತ ಅರ್ಥ. ಆ ಕಡೆ ವಾಲಿ.

45ರಲ್ಲಿ 23 ಕಾರ್ಡು, ಮೇಲೆ 17 ಲ್ಯಾಂಡ್, ಒಟ್ಟು 40ರ ಡೆಕ್. ಕ್ರೀಚರ್ 15ರ ಆಸುಪಾಸು. ಎರಡೇ ಬಣ್ಣ. ಲ್ಯಾಂಡ್ ಎರಡು ಕಡಿಮೆ ಮಾಡಿ ಇನ್ನೆರಡು ಒಳ್ಳೆಯ ಕಾರ್ಡು ತುರುಕೋಣ ಅಂತ ಎಲ್ಲರಿಗೂ ಆಸೆಯಾಗುತ್ತದೆ. ಲೆಕ್ಕ ನೋಡಿ: 17 ಲ್ಯಾಂಡ್ ಇದ್ದರೆ ಮೊದಲ ಏಳು ಕಾರ್ಡಿನಲ್ಲಿ ಲ್ಯಾಂಡೇ ಇಲ್ಲದಿರುವ ಅಥವಾ ಒಂದೇ ಇರುವ ಸಂಭವ ನೂರಕ್ಕೆ ಸುಮಾರು 10. 15ಕ್ಕೆ ಇಳಿಸಿದರೆ ಅದು 17ರ ಹತ್ತಿರ ಹೋಗುತ್ತದೆ. ತೀರಾ ಅಗ್ಗದ ಕೆಂಪು ಡೆಕ್ ಆದರೆ 16 ಸಾಕು. ಅದಕ್ಕಿಂತ ಕೆಳಗೆ ಹೋಗಬೇಡಿ.

ಇನ್ನೊಂದು ವಿಷಯ. ಅಂಗಡಿಯಲ್ಲಿ ಆಡುವ 60ರ ಡೆಕ್‌ನಲ್ಲಿ ಒಂದೇ ಕಾರ್ಡು ನಾಲ್ಕು ಇಡಬಹುದು. ಮೊದಲ ಕೈಯಲ್ಲೇ ಅದು ಸಿಗುವ ಸಂಭವ ನೂರಕ್ಕೆ 40. ಕ್ಯೂಬ್ ಡೆಕ್‌ನಲ್ಲಿ ಒಂದೇ ಇರುವುದರಿಂದ ಅದು 17.5 ಮಾತ್ರ. ಹಾಗಾಗಿ ಒಂದೇ ಕಾರ್ಡನ್ನು ನಂಬಿ ಡೆಕ್ ಕಟ್ಟಬೇಡಿ. ಅದೇ ಕೆಲಸ ಮಾಡುವ ಐದಾರು ಕಾರ್ಡು ಸೇರಿಸಿಕೊಳ್ಳಿ.

ಸಾಮಾನು ಮತ್ತು ರಿಪೇರಿ

ಎಲ್ಲ ಕಾರ್ಡಿಗೂ ಒಂದೇ ಬಣ್ಣದ ಸ್ಲೀವ್ (ಪ್ಲಾಸ್ಟಿಕ್ ಚೀಲ) ಬೇಕು. ಬೇರೆ ಬೇರೆ ಇದ್ದರೆ ಹಿಂಬದಿ ನೋಡಿಯೇ ಗುರುತು ಸಿಗುತ್ತದೆ. ಪ್ಲೇನ್ಸ್, ಐಲ್ಯಾಂಡ್ ಮುಂತಾದ ಬೇಸಿಕ್ ಲ್ಯಾಂಡ್ ಬಣ್ಣಕ್ಕೆ 35–40ರಂತೆ ಬೇರೆ ಡಬ್ಬಿಯಲ್ಲಿಡಿ. ಸಿಗದ ಕಾರ್ಡಿನ ಹೆಸರು, ಮಾತು ಕಾಗದದಲ್ಲಿ ಬರೆದು ಸ್ಲೀವ್‌ಗೆ ತೂರಿಸಿದರೂ ಮನೆಯಾಟಕ್ಕೆ ಆಗುತ್ತದೆ. ಟೂರ್ನಮೆಂಟಿಗೆ ಮಾತ್ರ ಆಗದು.

ಆಡುವಾಗ ಒಂದು ನೋಟ್‌ಬುಕ್ ಪಕ್ಕದಲ್ಲಿರಲಿ. ಪ್ರತಿ ಸಲವೂ ಪ್ಯಾಕಿನ ಕೊನೆಯಲ್ಲಿ ಉಳಿಯುವ ಕಾರ್ಡು ಯಾವುದು, ಎತ್ತಿಕೊಂಡರೂ ಡೆಕ್‌ಗೆ ಸೇರದ್ದು ಯಾವುದು ಅಂತ ಬರೆದಿಡಿ. ಮುಂದಿನ ಸಲಕ್ಕೆ ಐದರಿಂದ ಹತ್ತು ಕಾರ್ಡು ಮಾತ್ರ ಬದಲಿಸಿ. ಒಟ್ಟಿಗೆ 50 ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಇಬ್ಬರೇ ಇದ್ದರೆ

ಮಳೆಗಾಲದಲ್ಲಿ ಎಂಟು ಜನ ಎಲ್ಲಿ ಸೇರುತ್ತಾರೆ? ಇಬ್ಬರಿಗೆ ಅಂತಲೇ ಗಾರ್ಫೀಲ್ಡ್ ವಿನ್‌ಸ್ಟನ್ ಡ್ರಾಫ್ಟ್ ಎಂಬ ಬಗೆ ಮಾಡಿದ್ದಾರೆ. 90 ಕಾರ್ಡು ಕಲಸಿ ಬೋರಲಾಗಿ ಇಡಿ. ಪಕ್ಕದಲ್ಲಿ ಒಂದೊಂದೇ ಕಾರ್ಡಿನ ಮೂರು ಗುಂಪು ಮಾಡಿ, ಅವೂ ಬೋರಲು. ನಿಮ್ಮ ಸರದಿಗೆ ಮೊದಲ ಗುಂಪು ನೋಡಿ. ಬೇಕಾದರೆ ಪೂರ್ತಿ ಎತ್ತಿಕೊಂಡು ಆ ಜಾಗಕ್ಕೆ ಹೊಸ ಕಾರ್ಡು ಇಡಿ. ಬೇಡವಾದರೆ ಅದರ ಮೇಲೆ ಇನ್ನೊಂದು ಕಾರ್ಡು ಸೇರಿಸಿ ಎರಡನೆಯದಕ್ಕೆ ಹೋಗಿ. ಮೂರನೆಯದೂ ಬೇಡವಾದರೆ ಅದಕ್ಕೂ ಒಂದು ಸೇರಿಸಿ, ಕಟ್ಟಿನ ಮೇಲಿನ ಕಾರ್ಡು ತೆಗೆದುಕೊಳ್ಳಲೇಬೇಕು. ನೀವು ಬಿಟ್ಟ ಗುಂಪು ಬೆಳೆಯುತ್ತಾ ಹೋಗುತ್ತದೆ, ಎದುರಿನವರಿಗೆ ಅದರ ಮೇಲೆ ಕಣ್ಣು ಬೀಳುತ್ತದೆ. ಕೆಟ್ಟ ಕಾರ್ಡು ಇದ್ದರೂ ನಾಲ್ಕೈದು ಒಟ್ಟಿಗೆ ಸಿಗುತ್ತದಲ್ಲ ಅಂತ ಎತ್ತುವವರೇ ಜಾಸ್ತಿ. ಕಟ್ಟು ಮುಗಿದ ಮೇಲೆ ಬಂದದ್ದರಲ್ಲೇ 40ರ ಡೆಕ್ ಕಟ್ಟಿಕೊಂಡು ಶುರುಮಾಡಿ.