ಹೊಸ ಕ್ರಾಸ್‌ಬೋ: ಸ್ಕೋಪ್ ಮುಟ್ಟುವ ಮುಂಚೆ ಹೆದೆ ನೋಡಿ

ಕ್ರಾಸ್‌ಬೋ (ಟ್ರಿಗರ್ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು) ಬಿಟ್ಟ ಬಾಣ ಸ್ವಲ್ಪ ಅತ್ತಿತ್ತ ಹೋದ ಕೂಡಲೇ ಎಷ್ಟೋ ಜನ ಸ್ಕೋಪ್ (ಗುರಿ ನೋಡುವ ದೂರದರ್ಶಕ) ತಿರುಗಿಸೋಕೆ ಶುರು ಮಾಡುತ್ತಾರೆ. ದಯವಿಟ್ಟು ಮೊದಲು ಹೆದೆ ನೋಡಿ. ಎಳೆಯುವಾಗ ಅದು ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಬಾಣ ಗುರಿ ಬಿಟ್ಟು ಬೀಳುತ್ತದೆ. ಬರಿಗೈಲಿ ಎರಡೂ ಕಡೆ ಸಮನಾಗಿ ಎಳೆಯುವುದು ಕಷ್ಟ. ಕೊಕ್ಕೆಯಿರುವ ಹಗ್ಗ ಬಳಸಿ, ಬೇಕಾದ ಬಲವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಳೆಯುವ ಮುಂಚೆ, ಹೆದೆ ರೈಲಿನ (ಬಾಣ ಕೂರುವ ಉದ್ದನೆಯ ಹಳಿ) ಎರಡು ಅಂಚಿಗೆ ತಾಗುವ ಜಾಗದಲ್ಲಿ, ಹೆದೆಯ ಮೇಲೆಯೇ ಮಾರ್ಕರ್‌ನಿಂದ ಸಣ್ಣ ಗೆರೆ ಹಾಕಿ. ಎಳೆದ ಮೇಲೆ ಆ ಗೆರೆಗಳು ಎರಡೂ ಬದಿಗೆ ಸಮ ಇವೆಯಾ ಅಂತ ಪ್ರತಿ ಸಲ ನೋಡಿ.

ಬಾಣದ ತೂಕ, ನಾಕ್ (ಹೆದೆಗೆ ಕೂರುವ ಬಾಣದ ಹಿಂತುದಿ) ಎರಡೂ ಕೈಪಿಡಿಯಲ್ಲಿ ಹೇಳಿದಂತೆಯೇ ಇರಲಿ. ಬಾಣ ಇಲ್ಲದೆ ಸುಮ್ನೆ ಟ್ರಿಗರ್ ಒತ್ತಲೇಬೇಡಿ, ಬಿಲ್ಲಿನ ತೋಳು ಸೀಳಿ ಗಾಯ ಆಗಬಹುದು. ಹೆಬ್ಬೆರಳು ಹೆದೆಯ ದಾರಿಗೆ ಬರದಿರಲಿ.

ಇನ್ನು ಸ್ಕೋಪ್. ಮರಳು ಚೀಲದ ಮೇಲೆ ಇಟ್ಟು, ಬಿಲ್ಲಿನ ತೋಳುಗಳು ಯಾವುದಕ್ಕೂ ತಾಗದಂತೆ, 10 ಗಜದಿಂದ ಶುರು ಮಾಡಿ, ಆಮೇಲೆ 20 ಗಜಕ್ಕೆ ಹೋಗಿ. ಒಂದೇ ಬಾಣ ನಂಬಬೇಡಿ. ಮೂರು ಬಿಟ್ಟು, ಅವುಗಳ ನಡುಭಾಗ ನೋಡಿ ಸರಿಪಡಿಸಿ. ಸ್ಕೋಪಿನ ತಿರುಗಣೆಯ ಒಂದು ಕ್ಲಿಕ್‌ಗೆ 100 ಗಜದಲ್ಲಿ ಕಾಲು ಇಂಚು ಸರಿಯುತ್ತದೆ ಅಂತ ಬರೆದಿದ್ದರೆ, 20 ಗಜದಲ್ಲಿ ಒಂದು ಇಂಚು ಸರಿಸೋಕೆ 20 ಕ್ಲಿಕ್ ಬೇಕು. ಜಾಸ್ತಿ ಅನಿಸುತ್ತದೆ ಅಲ್ವಾ, ಆದರೆ ಲೆಕ್ಕ ಅದೇ. ಬಾಣಗಳಿಗೆ ನಂಬರ್ ಬರೆದಿಡಿ, ಯಾವುದು ಪ್ರತಿ ಸಲ ದಾರಿ ತಪ್ಪುತ್ತದೆ ಅಂತ ಗೊತ್ತಾಗುತ್ತದೆ. ಬೇಟೆಯ ಅಗಲ ಮೊನೆ ಹಾಕಿದ ಮೇಲೆ ಗುರಿ ಮತ್ತೊಮ್ಮೆ ನೋಡಲೇಬೇಕು. ಅಭ್ಯಾಸದ ಮೊನೆ ಬಿದ್ದ ಜಾಗಕ್ಕೇ ಅದೂ ಬೀಳುತ್ತದೆ ಅನ್ನುವ ಹಾಗಿಲ್ಲ.