ಅಮೆರಿಕದಲ್ಲಿ ಬೇರೆಯಾದ ತಂದೆ ತಾಯಿ: ಟ್ಯಾಕ್ಸ್ ರಿಟರ್ನ್‌ನಲ್ಲಿ ಮಗುವನ್ನು ಯಾರು ತೋರಿಸಬೇಕು?

ಟ್ಯಾಕ್ಸ್ ಕಟ್ಟುವ ಸಮಯ ಬಂತು ಅಂದರೆ ಬೇರೆಯಾದ ಎಷ್ಟೋ ಮನೆಗಳಲ್ಲಿ ಇದೇ ಜಗಳ. ‘ಖರ್ಚೆಲ್ಲ ನಂದೇ’ ಅಂತ ಒಬ್ಬರು, ‘ಕೋರ್ಟ್ ನನಗೆ ಕೊಟ್ಟಿದೆ’ ಅಂತ ಇನ್ನೊಬ್ಬರು. ಐಆರ್‌ಎಸ್, ಅಂದರೆ ಅಮೆರಿಕದ ತೆರಿಗೆ ಇಲಾಖೆ, ಮೊದಲು ನೋಡುವುದು ಬೇರೆಯೇ. ಆ ವರ್ಷ ಮಗು ಯಾರ ಹತ್ತಿರ ಜಾಸ್ತಿ ರಾತ್ರಿ ಇತ್ತು ಅನ್ನೋದನ್ನ.

ಹಾಗಾಗಿ ವಕೀಲರಿಗೆ ಫೋನ್ ಮಾಡುವ ಮೊದಲು ಕ್ಯಾಲೆಂಡರ್ ತೆಗೆಯಿರಿ. ಶುಕ್ರವಾರ ಸಂಜೆ ಮಗುವನ್ನು ಅಪ್ಪನ ಮನೆಗೆ ಬಿಟ್ಟು, ಭಾನುವಾರ ರಾತ್ರಿ ಊಟದ ಹೊತ್ತಿಗೆ ವಾಪಸ್ ಕರೆದುಕೊಂಡು ಬಂದರೆ, ಶುಕ್ರವಾರ ಮತ್ತು ಶನಿವಾರದ ರಾತ್ರಿ ಅಪ್ಪನ ಲೆಕ್ಕಕ್ಕೆ, ಭಾನುವಾರದ್ದು ಅಮ್ಮನ ಲೆಕ್ಕಕ್ಕೆ. ಹಗಲು ಎಷ್ಟು ಹೊತ್ತು ಇತ್ತು ಅನ್ನೋದು ಸಾಮಾನ್ಯವಾಗಿ ಬರಲ್ಲ. ಕ್ಯಾಂಪ್‌ಗೋ ಗೆಳೆಯರ ಮನೆಗೋ ಹೋಗಿದ್ದರೆ, ಆ ರಾತ್ರಿ ಯಾರ ಹತ್ತಿರ ಇರಬೇಕಿತ್ತೋ ಅವರಿಗೇ ಸೇರುತ್ತದೆ. 365 ದಿನದ ವರ್ಷದಲ್ಲಿ ಒಬ್ಬರಿಗೆ 183 ಬಂದರೆ ಸಾಕು, ತೀರ್ಮಾನ ಆಯಿತು. 2024ರಂಥ 366 ದಿನದ ವರ್ಷದಲ್ಲಿ ಸರಿಸಮ ಆಗಬಹುದು, ಆಗ ಎಜಿಐ, ಅಂದರೆ ಕೆಲವು ಕಡಿತ ಕಳೆದು ರಿಟರ್ನ್‌ನಲ್ಲಿ ಬರುವ ಆದಾಯ, ಯಾರದ್ದು ಹೆಚ್ಚೋ ಅವರಿಗೆ. ಚೈಲ್ಡ್ ಸಪೋರ್ಟ್, ಅಂದರೆ ಮಗುವಿನ ಜೀವನಾಂಶ, ತಪ್ಪದೆ ಕಟ್ಟುತ್ತೀರಿ ಅನ್ನೋದರಿಂದ ಮಾತ್ರ ಈ ಹಕ್ಕು ಬರಲ್ಲ. ಕಟ್ಟುವವರಿಗೆ ಇದು ಅನ್ಯಾಯ ಅನ್ನಿಸುತ್ತದೆ, ಆದರೂ ನಿಯಮ ಇರೋದು ಹಾಗೆ.

ಜಾಸ್ತಿ ರಾತ್ರಿ ಇದ್ದವರು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಅದಕ್ಕೆ ಫಾರ್ಮ್ 8332ಕ್ಕೆ ಸಹಿ ಹಾಕಿ ಕೊಡಬೇಕು, ಪಡೆದವರು ಅದನ್ನು ತಮ್ಮ ರಿಟರ್ನ್ ಜೊತೆ ಕಳಿಸಬೇಕು. ಬಾಯಿ ಮಾತು, ವಾಟ್ಸಾಪ್ ಮೆಸೇಜು ನಡೆಯಲ್ಲ. 2008ರ ನಂತರದ ಡಿವೋರ್ಸ್ ಆದರೆ ಕೋರ್ಟ್ ಆದೇಶದ ಹಾಳೆಗಳನ್ನು ಈ ಫಾರ್ಮ್ ಬದಲಿಗೆ ಲಗತ್ತಿಸಿದರೂ ಐಆರ್‌ಎಸ್ ಒಪ್ಪಲ್ಲ. ಕೋರ್ಟ್ ಹೇಳಿದ ಮೇಲೂ ಎದುರಿನವರು ಸಹಿ ಹಾಕದಿದ್ದರೆ ಮತ್ತೆ ಅದೇ ಕೋರ್ಟಿಗೆ ಹೋಗಬೇಕು. ನನ್ನ ಸಲಹೆ ಕೇಳಿದರೆ, ಒಂದೊಂದೇ ವರ್ಷಕ್ಕೆ ಸಹಿ ಹಾಕಿ. ಮುಂದಿನ ಎಲ್ಲ ವರ್ಷಕ್ಕೂ ಅಂತ ಬರೆದುಕೊಟ್ಟರೆ, ಆಮೇಲೆ ಹಿಂತೆಗೆದುಕೊಂಡರೂ ಅದು ಜಾರಿಗೆ ಬರೋದು ನೀವು ತಿಳಿಸಿದ ವರ್ಷದ ಮುಂದಿನ ವರ್ಷದಿಂದ.

ಫಾರ್ಮ್ ಕೊಟ್ಟ ಮಾತ್ರಕ್ಕೆ ಎಲ್ಲವೂ ಆ ಕಡೆ ಹೋಗಲ್ಲ. ಹೋಗೋದು ಮುಖ್ಯವಾಗಿ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಮಗುವಿಗಾಗಿ ಟ್ಯಾಕ್ಸ್‌ನಲ್ಲಿ ಸಿಗುವ ಕಡಿತ. ವರ್ಷದ ಕೊನೆಗೆ 17 ತುಂಬದ ಮಗುವಿಗೆ ಅದು 2025ರ ಲೆಕ್ಕದಲ್ಲಿ 2,200 ಡಾಲರ್‌ವರೆಗೆ. ಹೆಡ್ ಆಫ್ ಹೌಸ್‌ಹೋಲ್ಡ್ (ಒಂಟಿಯಾಗಿ ಮನೆ ನಡೆಸುವವರಿಗೆ ಟ್ಯಾಕ್ಸ್ ಕಡಿಮೆ ಬೀಳುವ ಫೈಲಿಂಗ್ ವರ್ಗ), ಅರ್ನ್ಡ್ ಇನ್‌ಕಮ್ ಕ್ರೆಡಿಟ್ (ಕಡಿಮೆ ಸಂಪಾದನೆಯವರಿಗೆ ಸಿಗುವ ಕ್ರೆಡಿಟ್), ಡೇಕೇರ್ ಖರ್ಚಿನ ಕ್ರೆಡಿಟ್ ಇವು ಮಗು ಜಾಸ್ತಿ ಇದ್ದ ಮನೆಯವರದ್ದೇ, ಉಳಿದ ಅರ್ಹತೆ ಇದ್ದರೆ. ಸಹಿ ಹಾಕಿದವರು ಇದನ್ನು ತಿಳಿಯದೆ ಸುಮ್ನೆ ಬಿಟ್ಟುಬಿಡಬಾರದು.

ಇನ್ನು, ನಿಮ್ಮದೇ ಹಕ್ಕು ಇದ್ದೂ ಎದುರಿನವರು ಮೊದಲೇ ಫೈಲ್ ಮಾಡಿಬಿಟ್ಟರೆ? ಮಗುವಿನ ಸೋಷಿಯಲ್ ಸೆಕ್ಯೂರಿಟಿ ನಂಬರ್ ಆಗಲೇ ಬಳಕೆಯಾಗಿದೆ ಅಂತ ನಿಮ್ಮ ಇ-ಫೈಲ್ ತಿರಸ್ಕಾರ ಆಗುತ್ತದೆ. ಗಾಬರಿಯಾಗಿ ಮಗುವಿನ ಹೆಸರು ತೆಗೆಯಬೇಡಿ. ಮೊದಲು ಹಾಕಿದವರಿಗೇ ಹಕ್ಕು ಅಂತ ಏನೂ ಇಲ್ಲ. ನಿಮ್ಮ ಹೆಸರಿಗೆ ಐಪಿ ಪಿನ್, ಅಂದರೆ ಗುರುತು ಖಚಿತಪಡಿಸಲು ಐಆರ್‌ಎಸ್ ಕೊಡುವ ನಂಬರ್, ಪಡೆದು ಮತ್ತೆ ಇ-ಫೈಲ್ ಮಾಡಬಹುದು, ಆಗದಿದ್ದರೆ ಪೇಪರ್ ರಿಟರ್ನ್ ಅಂಚೆಯಲ್ಲಿ ಕಳಿಸಿ. ಏಪ್ರಿಲ್ ಗಡುವು ಮಾತ್ರ ಮೀರಬೇಡಿ.

ಆಮೇಲೆ ಇಬ್ಬರಿಗೂ, ಇದೇ ಮಗುವನ್ನು ಇನ್ನೊಬ್ಬರೂ ತೋರಿಸಿದ್ದಾರೆ ಅಂತ ತಿಳಿಸುವ ಸಿಪಿ87ಎ ಅನ್ನೋ ಪತ್ರ ಐಆರ್‌ಎಸ್‌ನಿಂದ ಬರಬಹುದು. ನೀವು ಹಾಕಿದ್ದು ಸರಿ ಇದ್ದರೆ ಅದಕ್ಕೆ ಏನೂ ಮಾಡಬೇಕಿಲ್ಲ, ತಪ್ಪಿದ್ದವರು 1040-ಎಕ್ಸ್ ಅನ್ನೋ ತಿದ್ದುಪಡಿ ಫಾರ್ಮ್ ಹಾಕಿ ತಿದ್ದಬೇಕು. ಇಬ್ಬರೂ ತಿದ್ದದಿದ್ದರೆ ಆಡಿಟ್ ಪತ್ರ ಬರಬಹುದು, ಅದಕ್ಕೆ ಮಾತ್ರ ಹೇಳಿದ ದಿನದೊಳಗೆ ಉತ್ತರ ಕೊಡಲೇಬೇಕು. ಶಾಲೆ, ಡಾಕ್ಟರ್, ಡೇಕೇರ್ ಇವರ ಲೆಟರ್‌ಹೆಡ್‌ನಲ್ಲಿ ಮಗುವಿನ ಹೆಸರು, ನಿಮ್ಮ ವಿಳಾಸ, ಎಂದಿನಿಂದ ಎಂದಿನವರೆಗೆ ಅನ್ನೋದು ಇರುವ ಪತ್ರಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ವಿಳಾಸದ ಪತ್ರ ರಾತ್ರಿ ಎಣಿಸಿ ಹೇಳಲ್ಲ ಅಲ್ವಾ, ಅದಕ್ಕೇ ಆ ಕ್ಯಾಲೆಂಡರನ್ನೂ ಜೊತೆಗಿಡಿ. ಹಕ್ಕಿಲ್ಲ ಅಂತ ಗೊತ್ತಿದ್ದೂ ನಿಯಮ ಲೆಕ್ಕಿಸದೆ ಕ್ರೆಡಿಟ್ ತೆಗೆದುಕೊಂಡವರಿಗೆ 2 ವರ್ಷ, ಮೋಸ ಅಂತ ಸಾಬೀತಾದರೆ 10 ವರ್ಷ ಆ ಕ್ರೆಡಿಟ್ ಸಿಗಲ್ಲ.