ಹಳೆ ಸಿಡಿ ರೈಟರ್‌ನಿಂದ ಟ್ಯೂನ್ ಮಾಡಬಲ್ಲ ಲೇಸರ್

ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಗುಜರಿ ರಾಶಿಯಲ್ಲಿ ಕೆಟ್ಟ ಸಿಡಿ ರೈಟರ್ ಸಿಕ್ಕರೆ ಬಿಡಬೇಡಿ. ಅದರೊಳಗೆ 780 ನ್ಯಾನೊಮೀಟರ್ ಆಸುಪಾಸಿನ ಲೇಸರ್ ಡಯೋಡ್ ಇರುತ್ತದೆ. ಅದರಿಂದ ಟ್ಯೂನ್ ಮಾಡಬಲ್ಲ, ಅಂದರೆ ತರಂಗಾಂತರ ತುಸು ಬದಲಿಸಬಲ್ಲ ಲೇಸರ್ ಕಟ್ಟಬಹುದು. ಬಿಚ್ಚುವ ಮುನ್ನ ಕೈಗೆ ಅರ್ತಿಂಗ್ ಪಟ್ಟಿ ಕಟ್ಟಿ, ಡಯೋಡಿನ ಕಾಲುಗಳನ್ನು ತೆಳು ತಂತಿಯಿಂದ ಸುತ್ತಿ ಶಾರ್ಟ್ ಮಾಡಿ. ಸ್ಟ್ಯಾಟಿಕ್ ತಗುಲಿದ ಡಯೋಡ್ ಬೆಳಕು ಕೊಡುತ್ತದೆ, ಲೇಸರ್ ಆಗುವುದಿಲ್ಲ. ಈ ತರಂಗಾಂತರ ಕಣ್ಣಿಗೆ ಮಸುಕು ಕೆಂಪಾಗಿ ಕಂಡರೂ ರೆಟಿನಾ ಸುಡುತ್ತದೆ. ಇದಕ್ಕೆಂದೇ ಇರುವ ಕನ್ನಡಕ ಕಡ್ಡಾಯ.

ಕಿರಣವನ್ನು ಲೆನ್ಸಿನಿಂದ ಸಮಾಂತರ ಮಾಡಿ, ಬೆಳಕನ್ನು ಬಣ್ಣಗಳಾಗಿ ಬೇರ್ಪಡಿಸಿ ಒಂದನ್ನು ಡಯೋಡಿಗೇ ಮರಳಿಸುವ, ಮಿಲಿಮೀಟರಿಗೆ 1800 ಗೆರೆಗಳ ಗ್ರೇಟಿಂಗ್‌ಅನ್ನು ಸುಮಾರು 44.6 ಡಿಗ್ರಿಗೆ ನಿಲ್ಲಿಸಿ. ಗೆರೆಗಳು ನೆಟ್ಟಗಿರಲಿ. ಅದರ ಮೈ ಮುಟ್ಟಬೇಡಿ, ಒರೆಸಲೂಬೇಡಿ.

ನಿಜವಾದ ಪರೀಕ್ಷೆ ಹೊಂದಾಣಿಕೆಯದು. ಕರೆಂಟನ್ನು ಥ್ರೆಶೋಲ್ಡಿಗಿಂತ (ಲೇಸರ್ ಶುರುವಾಗುವ ಮಟ್ಟಕ್ಕಿಂತ) ಕೂದಲೆಳೆಯಷ್ಟು ಕೆಳಗಿಡಿ. ಗ್ರೇಟಿಂಗ್‌ಅನ್ನು ಮೇಲೆ-ಕೆಳಗೆ ವಾಲಿಸುವ ಸ್ಕ್ರೂವನ್ನು ನಿಧಾನ ತಿರುಗಿಸುತ್ತಿದ್ದರೆ, ಕಾಗದದ ಮೇಲಿನ ಮಬ್ಬು ಚುಕ್ಕೆ ಒಮ್ಮೆಲೇ ಭಗ್ಗನೆ ಹೊಳೆಯುತ್ತದೆ. ಬೆಳಕು ಡಯೋಡಿಗೆ ಮರಳಿತು! ಕರೆಂಟ್ ಇನ್ನಷ್ಟು ಇಳಿಸಿ, ಮತ್ತೆ ತಿದ್ದಿ.

ಗ್ರೇಟಿಂಗ್ ಹಿಂದೆ ಬಜರಿನ ಪೀಜೋ ಬಿಲ್ಲೆ (ವೋಲ್ಟೇಜ್ ಕೊಟ್ಟರೆ ತುಸು ಬಾಗುವಂಥದ್ದು) ಅಂಟಿಸಿದರೆ ಸೂಕ್ಷ್ಮ ಟ್ಯೂನಿಂಗ್ ಸಿಗುತ್ತದೆ. ಕ್ಯಾವಿಟಿ, ಅಂದರೆ ಡಯೋಡಿಗೂ ಗ್ರೇಟಿಂಗಿಗೂ ನಡುವಿನ ಜಾಗ, 3 ಸೆಂಟಿಮೀಟರ್ ಇದ್ದರೆ ಅದರಲ್ಲಿ ನಿಲ್ಲಬಲ್ಲ ಆವರ್ತನಗಳ, ಅಂದರೆ ಮೋಡ್‌ಗಳ ಅಂತರ 5 ಗಿಗಾಹರ್ಟ್ಸ್. ಅದಕ್ಕಿಂತ ಹೆಚ್ಚು ಎಳೆದರೆ ತರಂಗಾಂತರ ಜಿಗಿಯುವ ಸಾಧ್ಯತೆ ಹೆಚ್ಚು.

ಮುಂಬೈ ಮಳೆಗಾಲದಲ್ಲಿ ಪೆಲ್ಟಿಯರಿನಿಂದ (ಕರೆಂಟ್ ಹರಿಸಿದರೆ ಒಂದು ಬದಿ ತಣ್ಣಗಾಗುವ ಬಿಲ್ಲೆ) 20 ಡಿಗ್ರಿಗೆ ತಂಪು ಮಾಡಿದರೆ ಲೆನ್ಸಿನ ಮೇಲೆ ನೀರಹನಿ ಕೂರುತ್ತದೆ. 30ರ ಹತ್ತಿರ ಇಟ್ಟು, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಹಾಕಿ, ಮುಚ್ಚಳ ಬಿಗಿಯಿರಿ.